ಹಸಿರು ಹೈಡ್ರಾ ಇದ್ದ ಕೊಳ

ಮೊನ್ನೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಚಾಮರಾಜನಗರಕ್ಕೆ ಹೋಗಿದ್ದೆ. ನಾನು ಕೆಲಸಕ್ಕೆ ಸೇರಿದ ಮೊದಲ ಕಾಲೇಜು ಅದು. ಹಿಂದಿನ ದಿನ ಜೋರು ಮಳೆಯಾಗಿ ಪ್ರಾಣಿಶಾಸ್ತ್ರ ಲ್ಯಾಬಿನ ಹಿಂದಿನ ಚರಂಡಿ ಉಕ್ಕಿತ್ತಂತೆ. ಕಿಟಕಿಗಳ ಕೆಳಗೆ ಉದ್ದಕ್ಕೂ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಒಳಗೆ ಕಾಲಿಡುತ್ತಿದ್ದಂತೆ ಘಾಟು ಮೂಗಿಗೆ ಹತ್ತಿತು. ಉಳಿದವರು ಕರ್ಚೀಫು ಹಿಡಿದುಕೊಂಡು ಮಾತು ಮುಂದುವರಿಸಿದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಆ ವಾಸನೆ ನನ್ನನ್ನು ಯಾವಾಗಲೂ ಒಂದೇ ಜಾಗಕ್ಕೆ ಕರೆದೊಯ್ಯುತ್ತದೆ: ಹರವೆಯಿಂದ ಆಚೆಗಿನ ಒಂದು ಸಣ್ಣ ಊರಿನ ಕೊಳದ ಮೆಟ್ಟಿಲಿಗೆ, 2006ರ ಮಳೆಗಾಲಕ್ಕೆ.

ಆ ವರ್ಷ ಜೂನ್‌ನಲ್ಲಿ ನಾನು ಮೈಸೂರಿನಿಂದ ಬಂದು ಆ ಕಾಲೇಜಿಗೆ ಸೇರಿದೆ. ಜಿಲ್ಲೆಯಲ್ಲೆಲ್ಲ ಚಿಕೂನ್‌ಗುನ್ಯಾ ಹಬ್ಬಿತ್ತು. ಹರೆಯದ ಹುಡುಗರೂ ಬಸ್ಸಿನ ಮೆಟ್ಟಿಲು ಹತ್ತಲಾರದೆ ಕಂಡಕ್ಟರನ ಕೈ ಹಿಡಿಯುತ್ತಿದ್ದರು. ಸಂತೆಯಲ್ಲಿ ಹೆಂಗಸರು ತರಕಾರಿ ಚೀಲವನ್ನು ನೆಲಕ್ಕಿಟ್ಟು, ಮತ್ತೆ ಎತ್ತಲು ಯಾರಾದರೂ ಬರಲಿ ಎಂದು ಕಾಯುತ್ತ ನಿಂತಿರುತ್ತಿದ್ದರು. ತರಗತಿಗಳಲ್ಲಿ ಅರ್ಧ ಬೆಂಚು ಖಾಲಿ.

ನಮ್ಮ ವಿಭಾಗದ ಮುಖ್ಯಸ್ಥರು ಗುರುಮಲ್ಲಪ್ಪ. ಎಲ್ಲರಿಗೂ ಅವರು ಮೇಷ್ಟ್ರು. ಹಣೆಯ ತುಂಬ ವಿಭೂತಿ, ಮಡಿಸಿದ ತೋಳಿನ ಬಿಳಿ ಶರಟು, ಜೇಬಿನಲ್ಲಿ ಸದಾ ಹುರಿದ ಕಡಲೆಕಾಯಿ. ದಿನಾ ಊರಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಮೈಸೂರಿನಲ್ಲಿ ಸಂಶೋಧನೆಗೆ ಸೇರಿದ್ದವರು, ತಂದೆ ತೀರಿಕೊಂಡಾಗ ಅದನ್ನು ಬಿಟ್ಟು ಬಂದು ಕೆಲಸ ಹಿಡಿದರು. ಹಿಂದಿರುಗುವ ಆಸೆ ಕೆಲವು ವರ್ಷ ಇತ್ತಂತೆ, ಆಮೇಲೆ ಅದರ ಮಾತು ನಿಂತಿತು. ನಿವೃತ್ತಿ ಹತ್ತಿರವಾಗಿತ್ತು. ಪಾಠವನ್ನು ತಪ್ಪಿಲ್ಲದೆ, ಸ್ವಲ್ಪ ಬೇಸರದಿಂದ ಮಾಡುತ್ತಿದ್ದರು.

ನಮ್ಮ ಲ್ಯಾಬಿನಲ್ಲಿ ಹೈಡ್ರಾದ ಒಂದು ಸ್ಲೈಡ್ ಇತ್ತು. ಗುಲಾಬಿ ಬಣ್ಣ ಹಾಕಿದ, ಮೂಲೆ ಒಡೆದ ಗಾಜಿನ ತುಂಡು. ಹುಡುಗರು ಅದನ್ನು ನೋಡಿ ಚಿತ್ರ ಬರೆಯುತ್ತಿದ್ದರು: ಒಂದು ಚೀಲ, ಮೇಲೆ ಬಾಯಿ, ಬಾಯಿಯ ಸುತ್ತ ಬಳ್ಳಿಯಂಥ ಕೈಗಳು. ಎರಡೇ ಪದರದ ಮೈ. ಮಿದುಳಿಲ್ಲ, ರಕ್ತವಿಲ್ಲ, ಹೃದಯವಿಲ್ಲ. ನಾನು ಹೊಸ ಉತ್ಸಾಹದಲ್ಲಿದ್ದೆ. ಪ್ರಾಕ್ಟಿಕಲ್‌ಗೆ ನಿಜವಾದ ಕೊಳದ ನೀರು ತರಿಸೋಣವೇ ಎಂದು ಕೇಳಿದೆ. ಮೇಷ್ಟ್ರು ಕಡಲೆಕಾಯಿ ಬಿಡಿಸುತ್ತ, "ನಮ್ಮೂರ ಕೊಳದ್ದೇ ತತ್ತೀನಿ ಬುಡಮ್ಮ" ಎಂದರು.

ಮಾರನೆಯ ದಿನ ಹಾರ್ಲಿಕ್ಸ್ ಬಾಟಲಿಯ ತುಂಬ ನೀರು, ಜೊತೆಗೆ ಒಂದಿಷ್ಟು ಪಾಚಿ, ಎಲೆ ತಂದು ಕಿಟಕಿಯಲ್ಲಿಟ್ಟರು. ಆ ದಿನ ಅದರಲ್ಲಿ ಕುಪ್ಪಳಿಸುವ ಸಣ್ಣ ನೀರುಚಿಗಟಗಳ ಹೊರತು ಏನೂ ಕಾಣಲಿಲ್ಲ. ಅದಾದ ಮರುದಿನ ನಾನು ಲ್ಯಾಬಿಗೆ ಬಂದಾಗ ಮೇಷ್ಟ್ರು ನನಗಿಂತ ಮೊದಲೇ ಬಂದು ಬಾಟಲಿಯ ಮುಂದೆ ಮಂಡಿಯೂರಿದ್ದರು.

"ಸುಮಾ, ಇಲ್ಲಿ ಬಾ ಕಣಮ್ಮ. ಮೇಜು ಅಲ್ಲಾಡಿಸ್ಬ್ಯಾಡ."

ಬೆಳಕು ಬೀಳುವ ಕಡೆಯ ಗಾಜಿಗೆ ಅವು ಅಂಟಿಕೊಂಡಿದ್ದವು. ಒಂದು ಜೀರಿಗೆ ಕಾಳಿನಷ್ಟೂ ಉದ್ದವಿಲ್ಲ. ಆದರೆ ಎಳೆಯ ಬತ್ತದ ಸಸಿಯ ಹಸಿರು. ಪ್ರತಿಯೊಂದೂ ಕೂದಲಿಗಿಂತ ತೆಳುವಾದ ಕೈಗಳನ್ನು ನೀರಿನಲ್ಲಿ ಬಿಟ್ಟುಕೊಂಡು ತೂಗುತ್ತಿತ್ತು. ಮೇಷ್ಟ್ರು ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿದರು. ಎಲ್ಲವೂ ಒಮ್ಮೆಲೇ ಚುಕ್ಕಿಗಳಾಗಿ ಮುದುಡಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮತ್ತೆ ಅರಳಿದವು.

"ಇಷ್ಟು ವರ್ಷ ಆ ಗುಲಾಬಿ ಬಣ್ಣದ ಹೆಣ ತೋರ್ಸಿ ಪಾಠ ಮಾಡ್ಬುಟ್ಟೆ," ಎಂದರು. "ಇದು ನಾನು ಈಜು ಕಲ್ತ ಕೊಳದಲ್ಲೇ ಇತ್ತು. ನಾನು ಇದನ್ನ ಅದೆಷ್ಟು ಸಲ ಕುಡ್ದಿದ್ದೀನೋ."

ಅವರ ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳಂತೆ ಬಾಟಲಿಯ ಆಚೆ ಬದಿಗೆ ಹೋದೆ.

ಅಲ್ಲಿಂದ ಅವರು ಬೇರೆ ಮನುಷ್ಯರಾದರು. ಕಪಾಟಿನಿಂದ ಹಳೆಯ ಮೈಕ್ರೋಸ್ಕೋಪು ತೆಗೆದು ಒರೆಸಿದರು. ಹೈಡ್ರಾದ ಮೈಯ ಒಳಪದರದ ಕೋಶಗಳಲ್ಲಿ ಹಸಿರು ಗುಂಡುಗಳು ಸಾಲಾಗಿ ಕೂತದ್ದನ್ನು ನನಗೆ ತೋರಿಸಿದರು. ಆ ಗುಂಡುಗಳು ಹೈಡ್ರಾದ ಭಾಗವಲ್ಲ. ಅವು ಕ್ಲೋರೆಲ್ಲಾ ಎಂಬ ಪಾಚಿ, ಬೇರೆಯೇ ಜೀವ. ಯಾವುದೋ ಬಲು ಹಿಂದಿನ ಕಾಲದಲ್ಲಿ, ಬೆನ್ನೆಲುಬು ಎಂಬುದೇ ಇನ್ನೂ ಭೂಮಿಯ ಮೇಲೆ ಇಲ್ಲದಿದ್ದಾಗಲೇ, ಹೈಡ್ರಾದ ಪೂರ್ವಜರು ನೀರಿನಲ್ಲಿದ್ದರು. ಅವರ ವಂಶದ ಒಂದು ಕವಲಿನಲ್ಲಿ ಯಾವಾಗಲೋ ಒಂದು ಹೈಡ್ರಾ ನುಂಗಿದ ಪಾಚಿ ಅರಗಲಿಲ್ಲ. ಒಳಗೇ ಉಳಿಯಿತು, ಬಿಸಿಲಿನಿಂದ ಸಕ್ಕರೆ ಮಾಡಿ ಹೈಡ್ರಾಕ್ಕೆ ಕೊಟ್ಟಿತು, ಪ್ರತಿಯಾಗಿ ಮನೆ ಪಡೆಯಿತು. ಇವೆಲ್ಲ ನನಗೂ ಪುಸ್ತಕದಿಂದ ಗೊತ್ತಿತ್ತು. ಆದರೆ ಮೇಷ್ಟ್ರು ಅದನ್ನು ಊರಿನ ಸುದ್ದಿಯಂತೆ ಹೇಳುತ್ತಿದ್ದರು.

"ಯಾರು ಯಾರನ್ನ ಸಾಕ್ತಾವ್ರೆ ಅಂತೀಯ? ಇದನ್ನ ಒಂದು ಅಂತ ಎಣಿಸ್ಬೇಕೋ ಎಲ್ಡು ಅಂತ್ಲೋ?"

ಹುಡುಗರನ್ನು ಕರೆದು ಒಂದು ಪ್ರಯೋಗ ಮಾಡಿಸಿದರು. ಎರಡು ಬಟ್ಟಲಲ್ಲಿ ಹೈಡ್ರಾಗಳು, ಎರಡಕ್ಕೂ ಊಟವಿಲ್ಲ. ಒಂದು ಬಟ್ಟಲು ಕಿಟಕಿಯಲ್ಲಿ, ಇನ್ನೊಂದು ಕತ್ತಲ ಕಪಾಟಿನಲ್ಲಿ. ಕೆಲವು ವಾರ ಕಳೆದ ಮೇಲೆ ಕಪಾಟಿನವು ಬಿಳಿಚಿ ಕುಗ್ಗಿದ್ದವು. ಕಿಟಕಿಯವು ದಷ್ಟಪುಷ್ಟವಾಗಿ, ಪಕ್ಕೆಯಲ್ಲಿ ಒಂದೊಂದು ಮೊಗ್ಗು ಬಿಟ್ಟುಕೊಂಡಿದ್ದವು. ಆ ಮೊಗ್ಗೇ ಮರಿ. ಅದಕ್ಕೂ ಸಣ್ಣ ಕೈಗಳು ಮೂಡಿ, ಒಂದು ದಿನ ತಾಯಿಯಿಂದ ಕಳಚಿಕೊಂಡು ಪಕ್ಕದಲ್ಲೇ ನಿಲ್ಲುತ್ತಿತ್ತು. ಕೈಕಾಲು ನೋವೆಂದು ಮನೆಯಲ್ಲಿದ್ದ ಹುಡುಗರೂ ಅದನ್ನು ನೋಡಲು ಬಂದರು. ಗಣಿತದ ಮೇಡಂ ಬಂದರು. ಮೇಷ್ಟ್ರು ಎಲ್ಲರಿಗೂ ಸ್ಟೂಲು ಬಿಟ್ಟುಕೊಟ್ಟು ಹಿಂದೆ ನಿಂತು ಕಡಲೆಕಾಯಿ ಹಂಚುತ್ತಿದ್ದರು.

ಆಗಸ್ಟಿನಲ್ಲಿ ಒಂದು ಭಾನುವಾರ ನನ್ನನ್ನು ಊರಿಗೆ ಕರೆದರು. ಹರವೆಯಲ್ಲಿ ಬಸ್ಸಿಳಿದು, ಅರಿಸಿನದ ಹೊಲಗಳ ನಡುವೆ ನಡೆದು ಹೋದೆ. ಕೊಳ ದೊಡ್ಡದಲ್ಲ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಒಂದು ಮೂಲೆಗೆ ಬಾಗಿದ ಹೊಂಗೆ ಮರ. ಮಾಳಿಗೆ ಮನೆಯೊಂದನ್ನು ನಡುವೆ ಗೋಡೆಯೆಬ್ಬಿಸಿ ಎರಡು ಮಾಡಿಕೊಂಡು ಅಣ್ಣತಮ್ಮಂದಿರು ಇದ್ದರು. ಜಗುಲಿ ಮಾತ್ರ ಒಂದೇ. ಮೇಷ್ಟ್ರಿಗೂ ಅವರ ಹೆಂಡತಿ ನೀಲಮ್ಮನವರಿಗೂ ಮಕ್ಕಳಿರಲಿಲ್ಲ. ಆಚೆ ಬಾಗಿಲಿನಲ್ಲಿ ತಮ್ಮ ರಾಜಪ್ಪ, ಅವರ ಹೆಂಡತಿ, ಮಗಳು ಗಿರಿಜಾ. ಪಿಯುಸಿ ಓದುತ್ತಿದ್ದ ಗಿರಿಜಾ ಹುಟ್ಟಿದಾಗಿನಿಂದ ಹೆಚ್ಚು ಬೆಳೆದದ್ದು ದೊಡ್ಡಪ್ಪನ ಬಾಗಿಲಿನಲ್ಲೇ.

ರಾಜಪ್ಪ ಗಟ್ಟಿ ಆಳು. ಜ್ವರ ಬಂದು ಹೋಗಿ ಮಂಡಿ ಹಿಡಿದಿತ್ತು, ಆದರೂ ಕುಂಟುತ್ತಲೇ ನನಗೆ ಎಳನೀರು ಕೊಚ್ಚಿ ತಂದರು. ಊಟಕ್ಕೆ ಕುಳಿತಾಗ ಮಾತು ರೇಷ್ಮೆ ಹುಳಕ್ಕೆ ಬಂತು. ಅವರ ತಂದೆಯ ಕಾಲದಲ್ಲಿ ಆ ಮನೆ ರೇಷ್ಮೆಯ ಮನೆ. ಒಂದು ವರ್ಷ ಬೆಳೆಗೆ ಗಂಟುರೋಗ ಬಿತ್ತು. ಅದು ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟಿಬರುತ್ತದೆ. ಹುಳ ಮೊಟ್ಟೆಯಿಂದ ಹೊರಗೆ ಬರುವಾಗಲೇ ರೋಗ ಹೊತ್ತು ಬರುತ್ತದೆ.

"ನಮ್ಮಪ್ಪ ತಟ್ಟೆ, ಗೂಡು ಕಟ್ಟೋ ಚಂದ್ರಂಕಿ, ಹುಳ ಎಲ್ಲ ಅಂಗಳಕ್ಕೆ ತಂದಾಕಿ ಬೆಂಕಿ ಇಟ್ಬುಟ್ರು ಮೇಡಂ," ಎಂದರು ರಾಜಪ್ಪ. "ಆಮೇಕೆ ಗೋಡೆಗೆಲ್ಲ ಬ್ಲೀಚಿಂಗು, ಸುಣ್ಣ. ನಾವಿಬ್ರೂ ಬಳ್ದು ಬಳ್ದು ಕೈ ಸುಲ್ಕಂಡಿದ್ದೋ. ಆ ವರ್ಸವೇ ನಾನು ಇಸ್ಕೂಲು ಬುಟ್ಟಿದ್ದು. ಒಬ್ಬ ಓದ್ಲಿ, ಒಬ್ಬ ಉಳ್ಲಿ ಅಂತಾಯ್ತು."

"ಇವ್ನಿಗೆ ಓದೋಕೆ ಇಷ್ಟ ಇರ್ನಿಲ್ಲ, ಅದನ್ನೂ ಹೇಳ್ಲಾ," ಎಂದರು ಮೇಷ್ಟ್ರು.

ಇಬ್ಬರೂ ನಕ್ಕರು. ನಗು ಒಂದೇ ಥರ ಇತ್ತು, ಹೆಗಲು ಕುಣಿಸಿಕೊಂಡು. ನೀಲಮ್ಮನವರು ನನ್ನ ಮುದ್ದೆಯ ಮೇಲೆ ಇನ್ನಷ್ಟು ತುಪ್ಪ ಹಾಕಿದರು.

ದಸರಾ ಮುಗಿದ ಮೇಲೆ ಊರಿನವರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು. ಜ್ವರ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಕೊಳದ ತುಂಬ ಪಾಚಿ, ಅದರಿಂದಲೇ ಸೊಳ್ಳೆ. ಹಿಂಗಾರು ಮಳೆ ಹಿಡಿಯುವುದರೊಳಗೆ ನೀರೆತ್ತಿ, ಹೂಳು ತೆಗೆದು, ಸುಣ್ಣವೂ ಬ್ಲೀಚಿಂಗೂ ಹಾಕಿ ತೊಳೆದರೆ ಹೊಸ ನೀರು ಶುದ್ಧವಾಗಿ ನಿಲ್ಲುತ್ತದೆ. ಕೆಲಸದ ಮುಂದಾಳತ್ವ ರಾಜಪ್ಪನವರದು. ಆ ವಿಷಯ ಮೇಷ್ಟ್ರಿಗೆ ಗೊತ್ತಾದ ದಿನ ನಾನು ಅವರ ಜಗುಲಿಯಲ್ಲೇ ಇದ್ದೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಲು ಹೋಗಿದ್ದೆ.

"ಈ ಜ್ವರದ ಸೊಳ್ಳೆ ಕೊಳದಲ್ಲಿ ಹುಟ್ಟಲ್ಲ ಕಣ್ಲಾ," ಎಂದರು ಮೇಷ್ಟ್ರು. "ನಿನ್ನ ಹಟ್ಟಿ ಮುಂದ್ಲ ತೊಟ್ಟಿ, ಹಳೇ ಟೈರು, ತೆಂಗಿನ ಚಿಪ್ಪು, ಅಲ್ಲಿ ಹುಟ್ಟೋದು."

"ಅದೂ ತೊಳಿಯನ, ಇದೂ ತೊಳಿಯನ. ಅದಕ್ಕೇನಂತೆ?"

"ಕೊಳ ಬರಿದು ಮಾಡುದ್ರೆ ಅದರಲ್ಲಿರೋದೆಲ್ಲ ಸಾಯ್ತದೆ. ಒಂದು ಮೂಲೆಯಾದ್ರೂ ಬುಡು. ಹೊಂಗೆ ಮರದ ತಾವ."

ರಾಜಪ್ಪ ಮಂಡಿ ಒತ್ತಿಕೊಳ್ಳುತ್ತ ಕುಳಿತರು. ಒಳಗೆ ಅವರ ಹೆಂಡತಿ ಜ್ವರ ಬಂದು ಮಲಗಿದವರು ಇನ್ನೂ ಚಾಪೆ ಬಿಟ್ಟು ಎದ್ದಿರಲಿಲ್ಲ.

"ಊರೋರೆಲ್ಲ ಮೈ ಮುರ್ಕಂಡು ಬಿದ್ದವ್ರೆ ಅಣ್ಣ. ನೀನು ಹುಳಕ್ಕೆ ಒಂದು ಮೂಲೆ ಕೇಳ್ತಿದ್ದೀಯ. ಅವ್ರ ಮುಂದೆ ನಾನು ಯಾವ ಮೊಕ ಇಟ್ಕಂಡು ಹೇಳ್ಲಿ, ನೀನೇ ಹೇಳು."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಪ್ರಶ್ನೆಪತ್ರಿಕೆಯ ಹಾಳೆಗಳನ್ನು ಜೋಡಿಸತೊಡಗಿದೆ.

ನೀರೆತ್ತುವ ಹಿಂದಿನ ದಿನ ನಾವು ಉಪ್ಪಿನಕಾಯಿ ಜಾಡಿ, ಹಾರ್ಲಿಕ್ಸ್ ಬಾಟಲಿ, ಬಕೆಟ್ಟು, ಸಿಕ್ಕಿದ್ದನ್ನೆಲ್ಲ ತೆಗೆದುಕೊಂಡು ಕೊಳಕ್ಕೆ ಇಳಿದೆವು. ಗಿರಿಜಾ ಲಂಗ ಎತ್ತಿ ಕಟ್ಟಿ ಎಲೆಗಳನ್ನು ಕಿತ್ತು ಕೊಡುತ್ತಿದ್ದಳು. ರಾಜಪ್ಪನವರೂ ಬಂದರು. ನೋಯುವ ಕಾಲಿನಲ್ಲೇ ಮೆಟ್ಟಿಲಿಳಿದು, ಬಿಂದಿಗೆ ತುಂಬಿ ಅಣ್ಣನ ಕೈಗೆ ಕೊಟ್ಟು, "ಇಕಾ ಅಣ್ಣ, ನಿನ್ನ ಸಂಸಾರ. ಜ್ವಾಪಾನ" ಎಂದರು. ಮೇಷ್ಟ್ರು ನಕ್ಕರು. ಮರುದಿನ ಪಂಪುಸೆಟ್ಟು ಹಚ್ಚಿದರು. ಹೂಳು ಮೇಲೆ ಬಂತು, ಬುಟ್ಟಿಗಟ್ಟಲೆ ಸುಣ್ಣ ಬಿತ್ತು, ಮೂಟೆ ಬಿಚ್ಚಿ ಬ್ಲೀಚಿಂಗ್ ಪೌಡರ್ ಎರಚಿದರು. ಘಾಟು ಊರಿನ ಆಚೆ ತುದಿಯವರೆಗೂ ಮುಟ್ಟಿತು. ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತು ಕೊನೆಯವರೆಗೂ ನೋಡಿದರು. ಎದ್ದು ಹೋಗೋಣವೆಂದರೆ ಬರಲಿಲ್ಲ.

ಅವರ ಲೆಕ್ಕಾಚಾರ ಸರಳವಾಗಿತ್ತು. ಈಗ ಜಾಡಿಗಳಲ್ಲಿ ಉಳಿಸುವುದು. ಹಿಂಗಾರು ಮಳೆ, ಆಮೇಲೆ ಮುಂದಿನ ಮುಂಗಾರು ಬಂದು ಸುಣ್ಣವೆಲ್ಲ ತೊಳೆದುಹೋದ ಮೇಲೆ ಮತ್ತೆ ಕೊಳಕ್ಕೆ ಬಿಡುವುದು. ಬಿತ್ತನೆಯ ಕಾಳು ಎತ್ತಿಟ್ಟ ಹಾಗೆ. ಅರ್ಧ ಜಾಡಿಗಳು ಲ್ಯಾಬಿನಲ್ಲಿ, ಅರ್ಧ ಅವರ ಮನೆಯ ಕಿಟಕಿಯಲ್ಲಿ.

ನವೆಂಬರಿನ ಚಳಿಗೆ ಕೆಲವು ಹೈಡ್ರಾಗಳು ಮೊಗ್ಗು ಬಿಡುವುದನ್ನು ನಿಲ್ಲಿಸಿ ಮೊಟ್ಟೆ ಕಟ್ಟಿದವು. ಮೈಯ ಪಕ್ಕಕ್ಕೆ ಒಂದು ಬಿಳಿ ಉಬ್ಬು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ಮೊಟ್ಟೆಯೊಳಗೆ ಆಗಲೇ ಹಸಿರು ಚುಕ್ಕಿಗಳು ಇದ್ದವು. ತಾಯಿ ತನ್ನ ಪಾಚಿಯಲ್ಲಿ ಒಂದಿಷ್ಟನ್ನು ಮೊಟ್ಟೆಗೆ ಇಟ್ಟುಕೊಡುತ್ತದೆ. ಮೇಷ್ಟ್ರು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದರು.

"ಗಂಟುರೋಗವೂ ಇದೇ ದಾರೀಲೇ ಬತ್ತದೆ ಕಣಮ್ಮ. ತಾಯಿಂದ ಮೊಟ್ಟೆಗೆ. ಅಲ್ಲಿ ಸಾವು ಕಟ್ಟಿ ಕೊಡ್ತಾಳೆ, ಇಲ್ಲಿ ಬುತ್ತಿ."

ನಾನು ಆ ವರ್ಷ ಕಂಡ ಅತ್ಯಂತ ಸಂತೋಷದ ಮುಖ ಅದು. ಸಂಶೋಧನೆ ಮುಂದುವರಿಸಿದ್ದರೆ ಏನು ಮಾಡುತ್ತಿದ್ದೆ ಎಂದು ಮೊದಲ ಸಲ ಅವರಾಗಿಯೇ ಮಾತಾಡಿದ್ದೂ ಆಗಲೇ. ಈ ಪಾಚಿಗೂ ಹೈಡ್ರಾಕ್ಕೂ ನಂಟು ಹೇಗೆ ಬೆಳೆಯಿತು, ಬೇರೆ ಕೊಳದ ಪಾಚಿಯನ್ನು ಕೊಟ್ಟರೆ ಇದು ಒಪ್ಪುತ್ತದೆಯೇ? ನಿವೃತ್ತಿಯಾದ ಮೇಲೆ ಮನೆಯಲ್ಲೇ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ ಎಂದರು.

ಡಿಸೆಂಬರಿನಲ್ಲಿ ಜಾಡಿಗಳ ಗಾಜಿಗೆ ಲೋಳೆ ಕಟ್ಟತೊಡಗಿತು. ನೀರು ಸ್ವಲ್ಪ ವಾಸನೆ ಹೊಡೆಯುತ್ತಿತ್ತು. ಹೈಡ್ರಾಗಳಿಗೆ ಏನೂ ಆಗಿರಲಿಲ್ಲ. ಆದರೆ ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ನೀರಿನ ತೊಟ್ಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಬ್ಯಾಕ್ಟೀರಿಯಾಗಳು ಜಾತ್ರೆಯಂತೆ ಮುಕುರಿದ್ದವು. ಹೈಡ್ರಾದ ಮೈಗೂ ಅಂಟಿದ್ದವು.

"ಇದು ಹಿಂಗೇ ಬುಟ್ರೆ ಬೆಳೆ ಹೋಯ್ತದೆ," ಎಂದರು. ರೇಷ್ಮೆ ಹುಳಕ್ಕೆ ಅನ್ನುವ ಹಾಗೆ ಬೆಳೆ ಎಂದೇ ಅಂದರು.

ಮೆಡಿಕಲ್ ಶಾಪಿನಿಂದ ಬ್ಯಾಕ್ಟೀರಿಯಾ ಕೊಲ್ಲುವ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ತಂದರು. ಹೊಸ ಜಾಡಿಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರು ತುಂಬಿ, ಔಷಧಿಯನ್ನು ಅಳತೆ ಮಾಡಿ ಕರಗಿಸಿದರು. ಒಂದೊಂದೇ ಹೈಡ್ರಾವನ್ನು ಪಿಪೆಟ್ಟಿನಲ್ಲಿ ಎತ್ತಿ ಅದಕ್ಕೆ ಬಿಟ್ಟರು. ಅಷ್ಟು ಅಕ್ಕರೆಯಿಂದ ಆ ಕೈ ಕೆಲಸ ಮಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ. ಒಂದು ಜಾಡಿಯನ್ನೂ ಬಿಡಲಿಲ್ಲ, ಮನೆಯವನ್ನೂ ಲ್ಯಾಬಿನವನ್ನೂ. ಗಾಜು ಕನ್ನಡಿಯಂತಾಯಿತು. ಹೈಡ್ರಾಗಳು ಅದರಲ್ಲಿ ಇನ್ನಷ್ಟು ಹಸಿರಾಗಿ ಕಂಡವು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಮೊದಲು ಮೊಗ್ಗು ಬಿಡುವುದು ನಿಂತಿತು. ಚಳಿ ಅಂದುಕೊಂಡೆವು. ಸಂಕ್ರಾಂತಿಯ ಹೊತ್ತಿಗೆ ಒಂದು ಜಾಡಿಯಲ್ಲಿ ಕೆಲವು ಹೈಡ್ರಾಗಳ ಬುಡಕ್ಕೆ ಹತ್ತಿಯ ಎಳೆಯಂಥ ಬಿಳುಪು ಕಾಣಿಸಿತು. ಅದು ಬೂಷ್ಟು. ಪಿಪೆಟ್ಟಿನಿಂದ ಊದಿ ತೆಗೆದರೆ ಮಾರನೆಯ ದಿನಕ್ಕೆ ಮತ್ತೆ ಬರುತ್ತಿತ್ತು. ಒಂದು ಜಾಡಿಯಿಂದ ಇನ್ನೊಂದಕ್ಕೆ, ಲ್ಯಾಬಿನಲ್ಲೂ ಮನೆಯಲ್ಲೂ. ಹೊಲಗಳಲ್ಲಿ ಅರಿಸಿನ ಕೀಳುವ ಕಾಲ. ಊರೆಲ್ಲ ಕಡಾಯಿಗಳಲ್ಲಿ ಅರಿಸಿನ ಬೇಯುತ್ತಿತ್ತು. ಆ ಹೊಗೆಯ ನಡುವೆ ಮೇಷ್ಟ್ರು ಕಿಟಕಿಯಿಂದ ಕಿಟಕಿಗೆ ಜಾಡಿ ಹೊತ್ತು ತಿರುಗಿದರು. ತಿಂಗಳು ಮುಗಿಯುವುದರೊಳಗೆ ಜಾಡಿಗಳಲ್ಲಿ ಬಿಳಿಯ ಉಂಡೆಗಳು ಬಿಟ್ಟರೆ ಏನೂ ಉಳಿಯಲಿಲ್ಲ. ಮೊಟ್ಟೆಗಳಿಗೂ ಬೂಷ್ಟು ಹಿಡಿದಿತ್ತು.

ಕೊನೆಯ ಜಾಡಿಯೂ ಹೋದ ಸಂಜೆ ಏನಾಯಿತೆಂದು ನೀಲಮ್ಮನವರು ಆಮೇಲೆ ಹೇಳಿದರು. ಮೇಷ್ಟ್ರು ಜಾಡಿ ಹಿಡಿದು ಜಗುಲಿಗೆ ಹೋಗಿ ತಮ್ಮನನ್ನು ಕೂಗಿದರಂತೆ. ಕೊಳದಿಂದ ಜಾಡಿಗೆ ತುಂಬಿದ ನೀರಿನಲ್ಲೇ ಸುಣ್ಣದ ಅಂಶ ಸೇರಿತ್ತು, ಅದು ಮೈಯೊಳಗೇ ಉಳಿದು ಕೊನೆಗೆ ಹೈಡ್ರಾಗಳನ್ನು ಕೊಂದಿತು ಎಂದು ಅವರು ನಂಬಿಬಿಟ್ಟಿದ್ದರು. ಸುಣ್ಣದ ಮೂಟೆ ತಂದು ಇಳಿಸಿದ ದಿನ ನೀನೇ ತಾನೇ ಬಿಂದಿಗೆ ತುಂಬಿ ಕೊಟ್ಟವನು, ಸುಣ್ಣದ ಕೈಯನ್ನು ತೊಳೆದಿದ್ದೆಯೋ ಇಲ್ಲವೋ ಎಂದರಂತೆ. ರಾಜಪ್ಪ ಮೊದಲು ಸಮಾಧಾನ ಹೇಳಿದರು. ಆಮೇಲೆ ಸಿಟ್ಟು ಬಂದು, "ನಿನ್ನ ಓದಿಗೋಸ್ಕರ ನಾನು ನೇಗಿಲು ಹಿಡುದ್ನಲ್ಲ, ಅದ್ಕೆ ಇದಾ ಮರ್ವಾದೆ?" ಅಂದುಬಿಟ್ಟರು. ಮೇಷ್ಟ್ರು, "ಇನ್ನು ನನ್ನ ಬಾಗಲಿಗೆ ಬರಬ್ಯಾಡ" ಅಂದರು. ಅವತ್ತಿಗೆ ಮಾತು ನಿಂತಿತು. ಹುಳದ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರೆಂದು ಹರವೆಯ ಹೋಟೆಲಿನಲ್ಲಿ ಜನ ನಕ್ಕರು.

ಮುಂದಿನ ಜೂನ್‌ನಲ್ಲಿ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಅದೇ ಬೇಸಿಗೆಯಲ್ಲಿ ಮೇಷ್ಟ್ರು ನಿವೃತ್ತರಾದರು. ಅವರ ಊರಿನ ಕೊಳದಲ್ಲಿ ಹೊಸ ನೀರು ತುಂಬಿತ್ತು, ತಿಳಿಯಾಗಿ, ತಳದ ಕಲ್ಲು ಕಾಣುವಂತೆ. ಅದರಲ್ಲಿ ಹೈಡ್ರಾ ಬರಲಿಲ್ಲ. ಭಾನುವಾರಗಳಲ್ಲಿ ಅವರು ಬಾಟಲಿಗಳ ಚೀಲ ಹಿಡಿದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದರು. ಇಬ್ಬರೂ ಕೆರೆಕಟ್ಟೆ ಹುಡುಕಿಕೊಂಡು ಹೋಗುತ್ತಿದ್ದೆವು. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು. ಕೇರಳದ ಲಾರಿಗಳು ನಿಂತು ಹೂ ತುಂಬಿಕೊಳ್ಳುತ್ತಿದ್ದವು. ನೀರು ತಂದು ನನ್ನ ಬಾಡಿಗೆ ಮನೆಯ ಕಿಟಕಿಯಲ್ಲಿ ಇಡುತ್ತಿದ್ದೆವು. ಒಂದೆರಡು ಸಲ ಕಂದು ಹೈಡ್ರಾ ಸಿಕ್ಕಿತು. ಹಸಿರು ಸಿಗಲಿಲ್ಲ. ಹೂವಿನ ಹೊಲಕ್ಕೆ ಹೊಡೆದ ಔಷಧಿ ಕಟ್ಟೆಗಳಿಗೆ ಇಳಿಯುತ್ತಿತ್ತೋ ಏನೋ. ಎರಡನೆಯ ಮಳೆಗಾಲದ ಹೊತ್ತಿಗೆ ಅವರು ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಮನೆಯಲ್ಲಿ ಹಾಕಿಕೊಳ್ಳುತ್ತೇನೆ ಎಂದಿದ್ದ ಮೇಜು ಹಾಕಲೇ ಇಲ್ಲ.

ಗಿರಿಜಾಳ ಮದುವೆ 2008ರ ಬೇಸಿಗೆಯಲ್ಲಿ ಆಯಿತು. ಅವರ ಮನೆತನದಲ್ಲಿ ಹೆಣ್ಣನ್ನು ಧಾರೆಯೆರೆದು ಕೊಡುವುದು ಮನೆಯ ಹಿರಿಯ ದಂಪತಿ. ರಾಜಪ್ಪ ತಾವೇ ಬರದೆ, ಹೆಂಡತಿಯನ್ನು ಕಳಿಸಿ ಅಣ್ಣನನ್ನು ಕರೆದರು. ಗಿರಿಜಾ ತಾನೇ ಬಂದು ಕಾಲಿಗೆ ಬಿದ್ದಳಂತೆ. ಮೇಷ್ಟ್ರು, "ಅವ್ನೇ ಬಂದು ಕರೀಲಿ" ಎಂದರು. ರಾಜಪ್ಪ, "ಬಾಗಲಿಗೆ ಬರಬ್ಯಾಡ ಅಂದವ್ನೇ ಕರೀಲಿ" ಎಂದರು. ನಾನು ಚಾಮರಾಜನಗರದ ಛತ್ರಕ್ಕೆ ಹೋಗಿದ್ದೆ. ನೀಲಮ್ಮನವರು ಹೆಂಗಸರ ಸಾಲಿನಲ್ಲಿ ಒಂಟಿಯಾಗಿ ಕುಳಿತಿದ್ದರು. ನನ್ನನ್ನು ಕಂಡು, "ಮೈಸೂರಲ್ಲಿ ಏನೋ ಕೆಲಸ ಅಂತ ಹೋದ್ರು ಕಣವ್ವ" ಅಂದರು. ನಾನು ಅವರ ಪಕ್ಕದಲ್ಲೇ ಕುಳಿತೆ.

ಹೈಡ್ರಾಗಳು ಸತ್ತು ಹತ್ತು ವರ್ಷವಾಗುತ್ತ ಬಂದಾಗ ಮೈಸೂರಿನಲ್ಲಿ ನಮಗೊಂದು ತರಬೇತಿ ಶಿಬಿರ ನಡೆಯಿತು. ಹೊರಗಿನಿಂದ ಬಂದಿದ್ದ ಒಬ್ಬರು ಸರಳ ಪ್ರಾಣಿಗಳೂ ಅವುಗಳ ಸೂಕ್ಷ್ಮಜೀವಿಗಳೂ ಎಂಬ ವಿಷಯದ ಮೇಲೆ ಮಾತಾಡಿದರು. ಪರದೆಯ ಮೇಲೆ ಹೈಡ್ರಾ ಬಂತು. ಪಾಚಿಯ ವಿಷಯವಲ್ಲ, ಅದರ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವಿಷಯ. ಪ್ರತಿ ಜಾತಿಯ ಹೈಡ್ರಾಕ್ಕೂ ತನ್ನದೇ ಆದ ಬ್ಯಾಕ್ಟೀರಿಯಾಗಳ ಒಂದು ಬಳಗವಿರುತ್ತದೆ. ಅದನ್ನು ಹೈಡ್ರಾವೇ ಆರಿಸಿ ಇಟ್ಟುಕೊಳ್ಳುತ್ತದೆ, ಎಷ್ಟು ವರ್ಷ ಗಾಜಿನ ಬಟ್ಟಲಲ್ಲಿ ಸಾಕಿದರೂ ಬಿಟ್ಟುಕೊಡುವುದಿಲ್ಲ. ಆ ಬಳಗ ಇರುವವರೆಗೆ ಮೈಗೆ ಬೂಷ್ಟು ಹತ್ತುವುದಿಲ್ಲ. ಔಷಧಿ ಹಾಕಿ ಅದನ್ನು ತೆಗೆದುಬಿಟ್ಟರೆ ಮೊಗ್ಗು ಬಿಡುವುದು ಕುಗ್ಗುತ್ತದೆ, ಆಮೇಲೆ ಬೂಷ್ಟು ಬಂದು ಮುಚ್ಚುತ್ತದೆ.

ನನ್ನ ಪಕ್ಕದವರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನನಗೆ ಪರದೆಯ ಮೇಲೆ ಬೇರೇನೂ ಕಾಣಲಿಲ್ಲ, ಆ ಕನ್ನಡಿಯಂಥ ಗಾಜು ಮಾತ್ರ. ಅಣ್ಣ ಕ್ಯಾಪ್ಸೂಲು ಬಿಚ್ಚಿದ್ದೂ ತಮ್ಮ ಸುಣ್ಣದ ಮೂಟೆ ಬಿಚ್ಚಿದ್ದೂ ಅಪ್ಪ ಹುಳ ಸುಟ್ಟ ಒಂದೇ ಬೆಂಕಿಯ ಮುಂದೆ ಕಲಿತ ಪಾಠ.

ಹೇಳಬೇಕೋ ಬೇಡವೋ ಎಂದು ಕೆಲವು ದಿನ ತೂಗಿದೆ. ಹೇಳದಿದ್ದರೆ ಮೇಷ್ಟ್ರು ತಮ್ಮನ ಮೇಲೆ ತಪ್ಪು ಹೊರಿಸಿಕೊಂಡೇ ಸಾಯುತ್ತಾರೆ ಅನ್ನಿಸಿತು. ಮುಂದಿನ ಭಾನುವಾರ ಹರವೆಯ ಬಸ್ಸು ಹತ್ತಿದೆ.

ಮೇಷ್ಟ್ರು ಬಡವಾಗಿದ್ದರು. ನನ್ನನ್ನು ಕಂಡು ಎದ್ದು ನಿಂತು, ಜೇಬು ತಡಕಿ ಕಡಲೆಕಾಯಿ ಕೊಟ್ಟರು. ನಾನು ಶಿಬಿರದಲ್ಲಿ ಕೇಳಿದ್ದನ್ನೆಲ್ಲ ಇದ್ದ ಹಾಗೆ ಹೇಳಿದೆ. ಮಧ್ಯದಲ್ಲಿ ಅವರು ಎರಡು ಪ್ರಶ್ನೆ ಕೇಳಿದರು, ಎರಡೂ ವಿಜ್ಞಾನದವೇ. ಯಾವ ಪದರದ ಮೇಲಿರುತ್ತವೆ? ಒಂದೇ ಜಾತಿಯ ಬ್ಯಾಕ್ಟೀರಿಯಾ ಸಾಕೋ, ಬಳಗವೇ ಬೇಕೋ? ಬಳಗವೇ ಬೇಕಂತೆ, ಒಂದರಿಂದ ಆಗುವುದಿಲ್ಲವಂತೆ ಎಂದೆ. ಅವರು ತಲೆಯಾಡಿಸಿದರು.

"ಚೆನ್ನಾಗಿದ್ವು ಅಂತಾಯ್ತು," ಎಂದರು ಕೊನೆಗೆ. "ನಾನು ಮುಟ್ದೆ ಇದ್ದಿದ್ರೆ ಚೆನ್ನಾಗೇ ಇರೋವು."

"ಆಗ ಯಾರಿಗೂ ಗೊತ್ತಿರಲಿಲ್ಲ ಸರ್."

"ಗೊತ್ತಿರ್ನಿಲ್ಲ ಅನ್ನೋದು ಹೈಡ್ರಾಕ್ಕೆ ಸರಿ ಕಣಮ್ಮ. ಅವ್ನಿಗೆ?"

ಚಪ್ಪಲಿ ಮೆಟ್ಟದೆ ಎದ್ದು ಜಗುಲಿಯ ಆಚೆ ಬದಿಗೆ ಹೋದರು. ನಾನೂ ನೀಲಮ್ಮನವರೂ ಹಿಂದೆ ಹೋದೆವು. ರಾಜಪ್ಪ ಕಂಬಕ್ಕೊರಗಿ ಹಗ್ಗ ಹೊಸೆಯುತ್ತಿದ್ದರು. ತಲೆಯೆತ್ತಿ ನೋಡಿ, ಕೈ ಮಾತ್ರ ನಿಲ್ಲಿಸಿದರು.

"ರಾಜಪ್ಪ, ಅವು ನಿನ್ನ ಸುಣ್ಣಕ್ಕೆ ಸಾಯ್ಲಿಲ್ಲ ಕಣ್ಲಾ. ನಾನೇ ಔಷಧಿ ಹಾಕಿ ಕೊಂದ್ಬುಟ್ಟೆ. ಈಗ ಗೊತ್ತಾಯ್ತು."

ರಾಜಪ್ಪ ಹಗ್ಗವನ್ನು ಪಕ್ಕಕ್ಕಿಟ್ಟರು.

"ಇದನ್ನ ಹೇಳಕ್ಕೆ ಬಂದ್ಯಾ?" ಎಂದರು. "ಹುಳ ಯಾರು ಕೊಂದ್ರು ಅಂತ ನಾನು ಯಾವತ್ತು ಕೇಳ್ದೆ ಅಣ್ಣ? ಸುಣ್ಣವೇ ಕೊಲ್ತು ಅಂತ್ಲೇ ಇಟ್ಕೊ. ಮಗಳ ಮದ್ವೆಗೆ ನೀನು ಬರ್ನಿಲ್ವಲ್ಲ."

ಒಳಗಿನಿಂದ ಅವರ ಹೆಂಡತಿ ಬಂದು, ಏನೂ ಕೇಳದೆ ಚಾಪೆ ಹಾಸಿದರು. ಮೇಷ್ಟ್ರು ಕುಳಿತರು. ಕಾಫಿ ಬಂತು. ಲೋಟ ಖಾಲಿಯಾದ ಮೇಲೆ ಮೇಷ್ಟ್ರು, "ಫೋಟೋ ಅವ್ಯಾ?" ಎಂದು ಕೇಳಿದರು.

ರಾಜಪ್ಪ ಹೋಗಿ ಮದುವೆಯ ಆಲ್ಬಂ ತಂದರು. ಮೇಷ್ಟ್ರು ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು. ಇವರು ಯಾವ ಊರವರು, ಗಂಡಿನ ಕಡೆಯವರಾ, ಈ ಸೀರೆ ಯಾರು ತೆಗೆದದ್ದು ಎಂದು ಕೇಳುತ್ತಿದ್ದರು. ತಮ್ಮ ಪಕ್ಕದಲ್ಲಿ ಕುಳಿತು ಬೆರಳಿಟ್ಟು ಹೇಳುತ್ತಿದ್ದರು. ಧಾರೆಯ ಫೋಟೋ ಬಂದಾಗ ಮೇಷ್ಟ್ರ ಕೈ ನಿಂತಿತು. ಗಿರಿಜಾಳ ಕೈಯ ಮೇಲೆ ಒಬ್ಬ ವಯಸ್ಸಾದವರು ಹೆಂಡತಿಯ ಜೊತೆ ನಿಂತು ಹಾಲು ಎರೆಯುತ್ತಿದ್ದರು.

"ಇವ್ರು ಯಾರ್ಲಾ, ನನ್ನ ಜಾಗದಲ್ಲಿ?"

"ಅವಳ ಸೋದರಮಾವ. ಉಮ್ಮತ್ತೂರೋರು."

ಮೇಷ್ಟ್ರು ಆ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಪಂಚೆಯ ತುದಿಯಿಂದ ಒರೆಸಿ ಮತ್ತೆ ನೋಡಿದರು.

"ಚೆನ್ನಾಗಿ ನಿಂತವ್ರೆ," ಎಂದರು.